ನದಿಮೂಲ ಕೇಳಬಾರದಂತೆ

ನಾಪೋಕ್ಲು ಪಂಚಾಯಿತಿ ಲೈಬ್ರರಿಗೆ ಒಂದೇ ಕಂಪ್ಯೂಟರು.
ಯಾವುದೋ ಬ್ಯಾಂಕು ಬಳಸಿ ಬಿಟ್ಟದ್ದು,
ಪಕ್ಕೆಯಲ್ಲಿ ಇನ್ನೂ ಅವರ ನಂಬರಿನ ಚೀಟಿ.
ಲೈಸೆನ್ಸಿಗೆ ದುಡ್ಡಿಲ್ಲವೆಂದು ಲಿನಕ್ಸ್ ಹಾಕಿದರು,
ಹಾಕಿದವನು ವರ್ಗವಾಗಿ ಹೋದ.
ಪಾಸ್‌ವರ್ಡು ನನ್ನ ಹಾಜರಿ ಪುಸ್ತಕದ ಕೊನೇ ಹಾಳೆಯಲ್ಲಿದೆ.

ಇವತ್ತು ಕಡೇ ದಿನ. ಅಮ್ಮಿಣಿ ಬಂದಿದ್ದಾಳೆ,
ವಿದ್ಯಾರ್ಥಿವೇತನದ ಅರ್ಜಿ, ಪೆನ್‌ಡ್ರೈವಿನಲ್ಲಿ ಜಾತಿಪತ್ರ,
ಬೆರಳ ಸಂದಿಯಲ್ಲಿ ಕಾಫಿ ಕೊಯ್ದ ಕಪ್ಪು.
ನಿಮ್ಮ ಬ್ರೌಸರ್ ಹಳತು, ಹೊಸದು ಹಾಕಿಕೊಂಡು ಬನ್ನಿ,
ಅನ್ನುತ್ತದೆ ಪರದೆ.
ಮದುವೆಗೆ ಹರಿದ ಕುಪ್ಯ ತೊಟ್ಟು ಬಂದವನನ್ನು
ಬಾಗಿಲಲ್ಲೇ ನಿಲ್ಲಿಸಿದ ಹಾಗೆ.

ಸಾಫ್ಟ್‌ವೇರ್ ಅಂಗಡಿ ತೆರೆದೆ. ದುಡ್ಡು ಕೇಳದ ಅಂಗಡಿ.
ನರಿಯ ಚಿತ್ರ, ನಮ್ಮ ಕಿತ್ತಳೆಯದೇ ಬಣ್ಣ.
ಮೂಲ ಯಾವುದಿರಲಿ? ಎಂದು ಪಟ್ಟಿ ಬಿಚ್ಚಿತು.
ನಗು ಬಂತು.
ಋಷಿಮೂಲ ನದಿಮೂಲ ಕೇಳಬಾರದು ಅಂತಾರಲ್ಲ,
ಅಂದವರು ಕೊಡಗಿನವರಲ್ಲ.
ಇಲ್ಲಿ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ನದಿಮೂಲ,
ಕಂಡಕ್ಟರು ಟಿಕೆಟ್ಟು ಹರಿದು ಕೊಡುತ್ತಾನೆ.

ಮೊದಲು ಸ್ನ್ಯಾಪ್. ತನ್ನ ಅಕ್ಕಿ, ತನ್ನ ಪಾತ್ರೆ,
ತನ್ನ ನೀರಿನ ಸಮೇತ ಬರುವ ನೆಂಟ.
ಮುನ್ನೂರು ಎಂಬಿ; ಅರವತ್ತೆರಡಕ್ಕೆ ಕರೆಂಟು ಹೋಯಿತು,
ಬಂತು, ಮತ್ತೆ ಒಂದರಿಂದ.
ಕೊನೆಗೂ ಇಳಿದು ತೆರೆಯಿತು. ಆದರೆ
ಅಮ್ಮಿಣಿಯ ಪೆನ್‌ಡ್ರೈವು ಅದರ ಕಣ್ಣಿಗೆ ಬೀಳದು.
ಚಿಲಕ ಹಾಕಿಕೊಂಡ ಕೋಣೆಯೊಳಗಿಂದ
ಪಡಸಾಲೆ ಕಾಣುತ್ತದೆಯೇ?

ಆಮೇಲೆ ಕಪ್ಪು ಕಿಟಕಿ. ಆಪ್ಟ್, ಅಪ್‌ಡೇಟ್,
ಒಂದೊಂದೇ ಬೆರಳಲ್ಲಿ ಒತ್ತಿದೆ.
ಉಗ್ರಾಣದಿಂದ ಉತ್ತರ: ನಿಮ್ಮ ಆವೃತ್ತಿಯ ಸಾಮಾನು
ನಾವೀಗ ಇಡುವುದಿಲ್ಲ.
ಅಜ್ಜನ ಕೋವಿಗೆ ತೋಟಾ ಸಿಗದ ಹಾಗೆ.

ಯಾರೋ ಪುಣ್ಯಾತ್ಮ ನಡೆಸುವ ಹೊರಗಿನ ಉಗ್ರಾಣ ಸೇರಿಸಿದೆ.
ಸಹಿ ನೋಡಲು ಕೀಲಿ ಇಲ್ಲ,
ಈ ಮೂಲವನ್ನು ನಂಬಲಾಗದು ಎಂದಿತು.
"ಏನಂತಕ್ಕಾ?"
"ಯಾರ ಕಡೆಯವರು ಅಂತ ಗೊತ್ತಿಲ್ಲವಂತೆ."
"ತಾಲೂಕಾಫೀಸಲ್ಲೂ ಅದೇ ಅಂದರು" ಎಂದಳು,
ನಗದೆ, ಸಿಟ್ಟಿಲ್ಲದೆ.

ಪೇಪರು ಓದಲು ಬಂದ ಶಮೀಲ್, ಎದುರಿನ ಮೊಬೈಲ್ ಅಂಗಡಿಯವನು.
ಅವನ ಕೀಗೊಂಚಲಿನ ಪೆನ್‌ಡ್ರೈವಿನಲ್ಲಿ
ಮಾಡಿದವರ ಮನೆಯಿಂದಲೇ ಇಳಿಸಿದ ಗಂಟು.
ಬಿಚ್ಚಿದರೆ ಸಾಕಂತೆ, ಹಾಕುವುದೇ ಬೇಡವಂತೆ.
"ತಡೀರಿ" ಎಂದು ಫೋನು ಹಿಡಿದು ಓದತೊಡಗಿದ,
ಏಳು, ಎ, ಸೊನ್ನೆ, ಎಫ್, ಮತ್ತೆ ಸೊನ್ನೆ,
ನಾನು ಪರದೆಯ ಮೇಲೆ ಬೆರಳಿಟ್ಟು ತಾಳೆ ನೋಡಿದೆ.
ಅರವತ್ತನಾಲ್ಕು. ಒಂದೂ ತಪ್ಪಲಿಲ್ಲ.

ನರಿ ತೆರೆಯಿತು. ಪೆನ್‌ಡ್ರೈವು ಕಂಡಿತು.
ಹೆಸರು. ತಂದೆಯ ಹೆಸರು.
ಆಮೇಲೆ ಕೆಂಪು ಚುಕ್ಕಿಯ ಖಾನೆ:
ಮೂಲ ಸ್ಥಳ.

ಹುಟ್ಟಿದ್ದು ಪಾಲಿಬೆಟ್ಟದ ಲೈನ್‌ಮನೆ. ಆ ಲೈನು ಈಗಿಲ್ಲ.
ಅವ್ವ ಹುಟ್ಟಿದ್ದು ಇನ್ಯಾರದೋ ತೋಟ.
ಅಜ್ಜಿಯದು ಕಾಡೊಳಗಿನ ಹಾಡಿ, ಅದರ ಹೆಸರು
ಅಜ್ಜಿಗೆ ಮಾತ್ರ ಗೊತ್ತಿತ್ತು.
ಖಾಲಿ ಬಿಟ್ಟರೆ ಮುಂದೆ ಹೋಗದು.
"ನಿಮ್ಮದು ಯಾವುದಕ್ಕಾ?"
ನನ್ನ ಹೆಸರಿಗಿಂತ ಮೊದಲೇ ಮನೆತನದ ಹೆಸರಿದೆ,
ಕೈಮಡದಲ್ಲಿ ದೀಪವಿದೆ, ತಲೆಮಾರುಗಳು ಬಾಯಿಪಾಠ.
"ಇಲ್ಲೇ" ಅಂದೆ, ಅಷ್ಟೇ.

ಅವಳೇ ಕೀಲಿಮಣೆ ಎಳೆದುಕೊಂಡಳು.
ನಾಪೋಕ್ಲು, ಎಂದು ಬರೆದಳು.
ಬಂದು ಹನ್ನೊಂದು ತಿಂಗಳು.
ಪರದೆ ಗಿರಗಿರ ತಿರುಗಿತು,
ಯಾವ ಕೀಲಿಯನ್ನೂ ಕೇಳಲಿಲ್ಲ.

ಈಗ ಅಲ್ಲಿ ಮೂರು ನರಿಗಳಿವೆ.
ಒಂದು ಮುದಿ, ಒಂದು ಕುರುಡು, ಒಂದು ಗಂಟಿನಲ್ಲಿ ಬಂದದ್ದು.
ತೆಗೆಯಲು ಮನಸ್ಸಾಗಿಲ್ಲ.
ಪರದೆಯ ಅಂಚಿಗೆ ಚೀಟಿ ಅಂಟಿಸಿದ್ದೇನೆ:
ಕೊನೆಯದನ್ನು ಒತ್ತಿ. ಸ್ವಲ್ಪ ಕಾಯಿರಿ.